ದಿಂಬದ ಇಳಿಜಾರಿನಲ್ಲಿ ಮಾತನಾಡುವ ಕಾರು

ತಾಳವಾಡಿಯಿಂದ ಸತ್ಯಮಂಗಲಕ್ಕೆ ಇಳಿಯುವವರಿಗೆ ತಲಮಲೆಯ ಕಾಡು ಮೊದಲ ಬಾಗಿಲು, ದಿಂಬಂ ಎರಡನೆಯದು. ಎಲೆಕೋಸು, ಟೊಮೆಟೊ, ಕಬ್ಬಿನ ಹೊಲಗಳು ಮುಗಿದು ಬಿದಿರು ಮೆಳೆಗಳು ಆರಂಭವಾಗುವ ಕಡೆಯಲ್ಲಿಯೇ ಮೊಬೈಲಿನ ಸಂಕೇತವೂ ಸೊರಗತೊಡಗುತ್ತದೆ. ನಮ್ಮ ಸೀಮೆಯ ಜನ ಆಡಳಿತದ ಕೆಲಸಕ್ಕೆ ಈರೋಡಿಗೆ, ದೊಡ್ಡ ಕಾಯಿಲೆಗೆ ಕೊಯಮತ್ತೂರಿಗೆ ಈ ದಾರಿಯಲ್ಲಿಯೇ ಹೋಗಬೇಕು. ಸಂತೆಗೆ, ನೆಂಟಸ್ತಿಕೆಗೆ ಚಾಮರಾಜನಗರ ಇದೆ. ಕಾಗದ ಪತ್ರಕ್ಕೆ ಮಾತ್ರ ಬೆಟ್ಟ ಇಳಿಯುವುದು ತಪ್ಪದು.

ಕಳೆದ ಕಾರ್ತಿಕದಲ್ಲಿ, ಗುಮಟಾಪುರದ ಗೋರೆ ಹಬ್ಬ ಮುಗಿದ ವಾರ, ತಂದೆಯವರನ್ನು ಕೊಯಮತ್ತೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗುವುದಿತ್ತು. ಹಿಂದಿನ ವಾರ ಪರೀಕ್ಷೆಗೆ ಕೊಟ್ಟಿದ್ದರ ಫಲಿತಾಂಶವನ್ನು ಫೋನಿನಲ್ಲಿ ತಿಳಿಸುತ್ತೇವೆ ಎಂದಿದ್ದರು. ಅಕ್ಕನ ಮಗ ಬಾಡಿಗೆಗೆ ಒಂದು ಹೊಸ ಕಾರನ್ನು ತಂದು ತಾನೇ ಚಾಲಕನಾದ. ಅವನ ಪಕ್ಕದಲ್ಲಿ ನಾನು, ಹಿಂದೆ ತಂದೆಯವರು ಮತ್ತು ಎಂಟನೆಯ ತರಗತಿಯ ನನ್ನ ಮಗಳು.

ಈಗಿನ ಕಾರುಗಳ ಒಳಗು ಒಂದು ಸಣ್ಣ ಕಚೇರಿಯಂತಿರುತ್ತದೆ. ಮುಂದೆ ಒಂದು ಪರದೆ, ಸ್ಟಿಯರಿಂಗಿನ ಮೇಲೆಯೇ ಫೋನಿನ ಗುಂಡಿಗಳು, ತಲೆಯ ಮೇಲೆ ದೀಪದ ಬಳಿ ಚಿಕ್ಕದೊಂದು ಮೈಕು. ಜೇಬಿನ ಫೋನು ಬ್ಲೂಟೂತ್ ಮೂಲಕ ಕಾರಿನೊಡನೆ ಜೊತೆಗೂಡಿದರೆ ಕರೆಯ ಧ್ವನಿ ಕಾರಿನ ಸ್ಪೀಕರುಗಳಿಂದ ಬರುತ್ತದೆ. ಬ್ಲೂಟೂತ್ ಎಂಬುದು ಹತ್ತನೆಯ ಶತಮಾನದ ಡೆನ್ಮಾರ್ಕಿನ ಅರಸ ಹೆರಾಲ್ಡನ ಅಡ್ಡಹೆಸರು. ಸ್ವೀಡನ್ನಿನ ಎರಿಕ್‌ಸನ್ ಕಂಪನಿಯಲ್ಲಿ 1990ರ ದಶಕದಲ್ಲಿ ರೂಪುಗೊಂಡ ಈ ತಂತ್ರಕ್ಕೆ ಆ ಹೆಸರು ಅಂಟಿತು. ನೀಲಿ ಗುರುತಿನಲ್ಲಿ ಕಾಣುವುದು ಅವನ ಹೆಸರಿನ ಎರಡು ಪ್ರಾಚೀನ ಅಕ್ಷರಗಳ ಕೂಡುರೂಪ. ಬೇರೆ ಬೇರೆ ಪ್ರಾಂತಗಳನ್ನು ಒಂದುಗೂಡಿಸಿದ ದೊರೆ ಎಂಬ ಕಾರಣಕ್ಕೆ ಬೇರೆ ಬೇರೆ ಯಂತ್ರಗಳನ್ನು ಕೂಡಿಸುವ ತಂತ್ರಕ್ಕೆ ಅವನ ಹೆಸರು. ಗಡಿಯ ಮೇಲೆ ಬದುಕುವ ನಮಗೆ ಈ ಕಥೆ ಸ್ವಾರಸ್ಯವಾಗಿ ಕೇಳಿಸುತ್ತದೆ.

ಜೊತೆಗೂಡಿಸುವ ಕೆಲಸವನ್ನು ಅಳಿಯ ಮನೆಯಂಗಳದಲ್ಲಿಯೇ ಮುಗಿಸಿದ. ಪರದೆಯ ಪಟ್ಟಿಯಲ್ಲಿ ಆಗಲೇ ಏಳು ಫೋನುಗಳ ಹೆಸರಿದ್ದವು. ಆ ಕಾರನ್ನು ಹಿಂದೆ ಬಾಡಿಗೆಗೆ ಪಡೆದವರವು. ಇದನ್ನು ಎಲ್ಲರೂ ಗಮನಿಸಬೇಕು. ಅನುಮತಿ ಕೊಟ್ಟರೆ ಕಾರು ನಮ್ಮ ಫೋನಿನ ಹೆಸರು ನಂಬರುಗಳನ್ನೂ ಕರೆಗಳ ಪಟ್ಟಿಯನ್ನೂ ನಕಲು ಮಾಡಿಕೊಳ್ಳುತ್ತದೆ. ಬಾಡಿಗೆ ಕಾರನ್ನು ಹಿಂತಿರುಗಿಸುವಾಗ, ಸ್ವಂತ ಕಾರನ್ನು ಮಾರುವಾಗ, ಆ ಪಟ್ಟಿಯಿಂದ ನಮ್ಮ ಫೋನನ್ನು ಅಳಿಸಿಯೇ ಕೀಲಿ ಕೊಡಬೇಕು.

ಮಗಳ ಗಮನ ಬೇರೊಂದರ ಮೇಲಿತ್ತು. ಅವಳು ನನ್ನ ಫೋನಿನಲ್ಲಿ ಮನೆಯವರೆಲ್ಲರ ಹೆಸರನ್ನು ಕನ್ನಡ ಲಿಪಿಯಲ್ಲಿ ಬರೆದಿಟ್ಟಿದ್ದಾಳೆ. ಅಳಿಯನ ಫೋನಿನ ಬಳಿಕ ನನ್ನದನ್ನು ಜೋಡಿಸಿ ನೋಡಿದಾಗ ಕಾರಿನ ಪರದೆಯಲ್ಲಿ ಆ ಹೆಸರುಗಳ ಜಾಗದಲ್ಲಿ ಬರಿಯ ಚೌಕಗಳು ಮೂಡಿದವು. ‘ತಾತ’ ಎಂದಿರಬೇಕಾದ ಕಡೆ ಮೂರು ಚೌಕ.

“ಎರಡೇ ಅಕ್ಷರ ಅಲ್ವಾ ಅಪ್ಪ, ಮೂರು ಯಾಕೆ?” ಎಂದಳು. ಉತ್ತರವನ್ನೂ ಅವಳೇ ಹುಡುಕಿಕೊಂಡಳು: ತ, ಅದರ ದೀರ್ಘ, ಇನ್ನೊಂದು ತ. ಗಣಕಗಳು ಅಕ್ಷರವನ್ನೂ ಗುಣಿತದ ಚಿಹ್ನೆಯನ್ನೂ ಬೇರೆ ಬೇರೆಯಾಗಿ ಎಣಿಸುತ್ತವೆ. ಯೂನಿಕೋಡ್ ಎಂಬ ಜಾಗತಿಕ ಸಂಕೇತ ವ್ಯವಸ್ಥೆಯಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಿಂದಲೂ ಸ್ಥಾನವಿದೆ. ಆದುದರಿಂದ ಕಾರಿಗೆ ಸಂಕೇತ ತಲುಪುತ್ತದೆ. ಅದನ್ನು ಬರೆದು ತೋರಿಸುವ ಅಕ್ಷರಶೈಲಿಯನ್ನು ಮಾತ್ರ ಆ ಪರದೆಗೆ ಯಾರೂ ತುಂಬಿಲ್ಲ. ಕೊರತೆ ಭಾಷೆಯದಲ್ಲ, ತಯಾರಿಸಿದವರ ಉದಾಸೀನದ್ದು. ಇಂಗ್ಲಿಷಿನಲ್ಲಿ ಬರೆದುಬಿಡು ಎಂದು ಅಳಿಯ ಸಲಹೆ ಕೊಟ್ಟ. ಅವಳು ಒಪ್ಪಲಿಲ್ಲ. ಚೌಕಗಳನ್ನು ಎಣಿಸಿಯೇ ಗುರುತು ಹಿಡಿಯುತ್ತೇನೆಂದು ಹಟ ಹಿಡಿದಳು: ತಾತನಿಗೆ ಮೂರು, ಅಜ್ಜಿಗೆ ಐದು. ಅಪ್ಪ, ಅಮ್ಮ ಇಬ್ಬರಿಗೂ ನಾಲ್ಕೇ ಬಂದಾಗ ಲೆಕ್ಕ ಕೆಟ್ಟಿತು. ಆದರೂ ಅಕ್ಷರ ಬದಲಾಗಲಿಲ್ಲ.

ತಲಮಲೆ ದಾಟುವ ಹೊತ್ತಿಗೆ ಮೂವರ ಫೋನಿನಲ್ಲಿಯೂ ಸಂಕೇತದ ಗೆರೆಗಳು ಅಳಿದಿದ್ದವು. ಇಂಥ ಕಡೆ ಫೋನು ಸುಮ್ಮನಿರುವುದಿಲ್ಲ. ಗೋಪುರವನ್ನು ಹುಡುಕುತ್ತ ಹೆಚ್ಚು ವಿದ್ಯುತ್ತನ್ನು ಸುಡುತ್ತದೆ, ಬಿಸಿಯಾಗುತ್ತದೆ. ಆದುದರಿಂದ ಕಾಡುದಾರಿಯಲ್ಲಿ ಚಾರ್ಜರು ಬೇಕೇ ಬೇಕು. ಗೇರಿನ ಮುಂದೆ ಮುಚ್ಚಳವಿರುವ ದುಂಡನೆಯ ಗೂಡು ಮೂಲತಃ ಸಿಗರೇಟು ಹೊತ್ತಿಸುವುದಕ್ಕಾಗಿ ಇಟ್ಟದ್ದು. ಅದರಲ್ಲಿ ದೊರೆಯುವುದು 12 ವೋಲ್ಟ್. ನಮ್ಮ ಕಾರಿನ ಮುಚ್ಚಳದ ಮೇಲೆ 120 ವ್ಯಾಟ್ ಎಂದು ಬರೆದಿತ್ತು, ಎಂದರೆ ಹತ್ತು ಆಂಪಿಯರ್. ಫೋನಿಗೆ, ಮಗುವಿನ ಹಾಲಿನ ಬಾಟಲಿಯನ್ನು ಬೆಚ್ಚಗಿಡುವ ಚಿಕ್ಕ ಸಾಧನಕ್ಕೆ ಅದು ಸಾಕು. ಮನೆಯ ನೀರು ಕಾಯಿಸುವ ಕೆಟಲನ್ನು ಯಾವುದೋ ಪೆಟ್ಟಿಗೆಯ ಮೂಲಕ ಅದಕ್ಕೆ ಸಿಕ್ಕಿಸಿದರೆ ಫ್ಯೂಸು ಹಾರುವುದು ಖಚಿತ. ಇನ್ನೊಂದು ವಿಷಯ: ಕೆಲವು ಕಾರುಗಳಲ್ಲಿ ಕೀಲಿ ತೆಗೆದೊಡನೆ ಈ ಗೂಡಿನ ವಿದ್ಯುತ್ತು ನಿಲ್ಲುತ್ತದೆ, ಕೆಲವುಗಳಲ್ಲಿ ನಿಲ್ಲುವುದಿಲ್ಲ. ನಿಮ್ಮದು ಯಾವ ಬಗೆಯದು ಎಂಬುದನ್ನು ಊರಿನಲ್ಲಿಯೇ ನೋಡಿಟ್ಟುಕೊಳ್ಳಿ. ಆನೆಗಳು ಕಬ್ಬಿನ ಲಾರಿಯನ್ನೇ ತಡೆದು ನಿಲ್ಲಿಸುವ ಸೀಮೆ ಇದು. ಇಲ್ಲಿ ಬ್ಯಾಟರಿ ಸತ್ತ ಕಾರನ್ನು ಇಳಿದು ತಳ್ಳುವ ಪ್ರಸಂಗ ಯಾರಿಗೂ ಬರಬಾರದು.

ಸಂಕೇತ ಹೋದರೂ ದಾರಿ ತೋರಿಸುವ ನಕ್ಷೆ ಮಾತ್ರ ನಡೆಯುತ್ತಲೇ ಇತ್ತು. ಉಪಗ್ರಹದಿಂದ ಸ್ಥಾನವನ್ನು ತಿಳಿಯುವುದಕ್ಕೆ ಮೊಬೈಲ್ ಗೋಪುರ ಬೇಕಿಲ್ಲ. ನಕ್ಷೆಯ ಚಿತ್ರಗಳನ್ನು ಮೊದಲೇ ಇಳಿಸಿಕೊಂಡಿದ್ದರಾಯಿತು.

ದಿಂಬದ ನೆತ್ತಿಯಲ್ಲಿ ಮಂಜು. ನಾಲ್ವರ ಉಸಿರಿಗೆ ಮುಂದಿನ ಗಾಜು ಒಳಗಿನಿಂದ ಮಬ್ಬಾಯಿತು. ತಂದೆಯವರು ಹೆಗಲ ಮೇಲಿನ ಟವಲನ್ನು ಮುಂದಕ್ಕೆ ಚಾಚಿದರು. ಅಳಿಯ ಗಾಜಿಗೆ ಗಾಳಿ ಹಾಯಿಸುವ ಗುಂಡಿಯನ್ನು ಒತ್ತಿ, ಎಸಿಯನ್ನೂ ಹಾಕಿ, ಒಳಗಿನ ಗಾಳಿಯೇ ಸುತ್ತುವುದನ್ನು ನಿಲ್ಲಿಸಿದ. ಚಳಿಯಲ್ಲಿ ಎಸಿ ಏಕೆಂದು ತಂದೆಯವರು ಗೊಣಗಿದರು. ಆದರೆ ಎಸಿ ಗಾಳಿಯ ತೇವವನ್ನು ಹಿಂಡಿ ತೆಗೆಯುತ್ತದೆ. ಗಾಜು ನಿಮಿಷದೊಳಗೆ ತಿಳಿಯಾಯಿತು. ಎದುರಿನಿಂದ ಬಂದ ಎರಡು ಕಾರುಗಳು ನಾಲ್ಕೂ ಕಡೆಯ ಅಪಾಯದ ದೀಪಗಳನ್ನು ಮಿನುಗಿಸುತ್ತ ಹತ್ತುತ್ತಿದ್ದವು. ನಿಂತ ಗಾಡಿಯ ಸೂಚನೆಗಾಗಿ ಇರುವ ದೀಪ ಅದು. ಅದನ್ನು ಹಾಕಿಕೊಂಡು ಓಡಿಸಿದರೆ ಗಾಡಿ ಯಾವ ಕಡೆ ತಿರುಗುತ್ತದೆ ಎಂಬುದೇ ಹಿಂದಿನವರಿಗೆ ತಿಳಿಯದು. ಮಂಜಿನಲ್ಲಿ ಇಳಿಸಿದ ಮುಂದೀಪ ಸಾಕು.

ಅಲ್ಲಿಂದ ಬಣ್ಣಾರಿಯವರೆಗೆ 27 ಹೇರ್‌ಪಿನ್ ತಿರುವುಗಳು. ಮಗಳು ಫಲಕದ ಸಂಖ್ಯೆಗಳನ್ನು ಓದುತ್ತ ಬಂದಳು. ತಿರುವುಗಳಲ್ಲಿ ಕೋತಿಗಳು ಕುಳಿತಿದ್ದವು. ಹಿಂದಿನ ಕಿಟಕಿಗಳನ್ನು ಚಾಲಕನ ಬಾಗಿಲ ಗುಂಡಿಯಿಂದಲೇ ಬಿಗಿಹಾಕಿದ್ದರಿಂದ ಬಾಳೆಹಣ್ಣು ಎಸೆಯುವ ಅವಳ ಯೋಚನೆ ಕೈಗೂಡಲಿಲ್ಲ. ಅದುವರೆಗೆ ತೇಲಿ ತೇಲಿ ಬರುತ್ತಿದ್ದ ಮೈಸೂರು ಆಕಾಶವಾಣಿ ಮೂರನೆಯ ತಿರುವಿಗೆ ಗೊರಗೊರ ಎಂದು ನಿಂತುಹೋಯಿತು. ಎಫ್‌ಎಂ ಅಲೆಗಳು ಹೆಚ್ಚುಕಡಿಮೆ ನೇರವಾಗಿ ಸಾಗುವಂಥವು, ಬೆಟ್ಟ ಅಡ್ಡ ಬಂದರೆ ಸೋಲುತ್ತವೆ. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದ ಆರಂಭಿಸಿದ ಬಾನುಲಿಯ ಹೆಸರೇ ಮುಂದೆ ದೇಶದ ಬಾನುಲಿಗೆಲ್ಲ ಹೆಸರಾಯಿತೆಂದು ತಂದೆಯವರು ಮೊಮ್ಮಗಳಿಗೆ ಹೇಳುತ್ತಿದ್ದರು. ಸ್ವಲ್ಪ ಹೊತ್ತಿನಲ್ಲಿ ಅದೇ ಸ್ಪೀಕರಿನಿಂದ ತಮಿಳು ಹಾಡು ಬಂತು.

ಹಾಡು ತಟ್ಟನೆ ನಿಂತು ಫೋನು ಮೊಳಗಿತು. ಪರದೆಯ ಮೇಲೆ ಆಸ್ಪತ್ರೆಯ ಹೆಸರು. ಕಾರಿನಲ್ಲಿದ್ದ ಎಲ್ಲರೂ ಅದನ್ನು ಓದಿದೆವು. ಎದುರಿಗೆ ತಿರುವು, ಮೇಲೆ ಬರುತ್ತಿರುವ ಲಾರಿ. ಅಳಿಯ ಸ್ಟಿಯರಿಂಗಿನ ಮೇಲಿನ ಕೆಂಪು ಗುಂಡಿಯನ್ನು ಒತ್ತಿ ಕರೆಯನ್ನು ಬಿಟ್ಟ.

“ತಗೊಳಪ್ಪ, ಕೈಯಲ್ಲಿ ಹಿಡಿಯೋದೇನೂ ಇಲ್ವಲ್ಲ” ಎಂದರು ತಂದೆಯವರು.

“ಕೆಳಗೆ ಹೋಗಿ ಮಾತಾಡ್ತೀನಿ ತಾತ.”

ಬಹಳ ಜನ ತಂದೆಯವರಂತೆಯೇ ಯೋಚಿಸುತ್ತಾರೆ. ಕಾಯ್ದೆಯೂ ಕೈಯನ್ನೇ ನೋಡುತ್ತದೆ: ಮೋಟಾರು ವಾಹನ ಕಾಯ್ದೆಯ 184ನೆಯ ಸೆಕ್ಷನ್ನಿಗೆ 2019ರಲ್ಲಿ ತಂದ ತಿದ್ದುಪಡಿ ಕೈಯಲ್ಲಿ ಹಿಡಿದ ಫೋನಿನ ಬಳಕೆಯನ್ನು ಅಪಾಯಕಾರಿ ಚಾಲನೆ ಎಂದು ಎಣಿಸುತ್ತದೆ. ಆದರೆ ಕೈ ಬಿಡುವಾದ ಮಾತ್ರಕ್ಕೆ ಮನಸ್ಸು ಬಿಡುವಾಗುವುದಿಲ್ಲ. ಚಾಲನೆಯ ವೇಳೆ ಫೋನ್ ಬಳಸುವವರಿಗೆ ಅಪಘಾತದ ಸಂಭವ ಸುಮಾರು ನಾಲ್ಕು ಪಟ್ಟು ಎಂದೂ, ಕೈಬಳಕೆಯಿಲ್ಲದ ಫೋನು ಅದಕ್ಕಿಂತ ಹೆಚ್ಚೇನೂ ಸುರಕ್ಷಿತವಲ್ಲವೆಂದೂ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಪಕ್ಕದಲ್ಲಿ ಕುಳಿತವರೊಡನೆ ಮಾತಾಡುವುದೂ ಮಾತೇ ಅಲ್ಲವೆ ಎಂದು ಕೇಳಬಹುದು. ಪಕ್ಕದವನಿಗೆ ತಿರುವು ಕಾಣುತ್ತದೆ, ಲಾರಿ ಕಾಣುತ್ತದೆ. ಅವನು ತಾನಾಗಿಯೇ ಬಾಯಿ ಮುಚ್ಚುತ್ತಾನೆ. ಕೊಯಮತ್ತೂರಿನ ಕುರ್ಚಿಯಲ್ಲಿ ಕುಳಿತವರಿಗೆ ದಿಂಬದ ಹದಿನೇಳನೆಯ ತಿರುವು ಕಾಣುವುದಿಲ್ಲ.

ಬಣ್ಣಾರಿ ದೇವಸ್ಥಾನದ ಮುಂದಿನ ಬಯಲಿನಲ್ಲಿ ಕಾರು ನಿಂತಿತು. ಅಳಿಯ ಮರಳಿ ಕರೆಮಾಡುವ ಮೊದಲು ಫೋನಿನ ಪರದೆಯಲ್ಲಿ ಬ್ಲೂಟೂತನ್ನು ಆರಿಸಿ ಹೊರಗಿಳಿದ. ಏಕೆಂದು ನನಗೆ ಆಗ ಹೊಳೆಯಲಿಲ್ಲ, ಆಮೇಲೆ ಅವನೇ ಹೇಳಿದ. ಬ್ಲೂಟೂತಿನ ಅಲೆ ಹತ್ತು ಮೀಟರಿನಷ್ಟು ದೂರ ಹಾಯುತ್ತದೆ. ಕಾರಿನ ವ್ಯವಸ್ಥೆ ಚಾಲೂ ಇದ್ದರೆ, ಮಾತಾಡುವವನು ಹೊರಗೆ ನಿಂತಿದ್ದರೂ ಆ ಕಡೆಯವರ ಧ್ವನಿ ಕಾರಿನೊಳಗೆ ಎಲ್ಲರಿಗೂ ಕೇಳಿಸುತ್ತಿರುತ್ತದೆ. ವೈದ್ಯರು ಹೇಳುವುದನ್ನು ರೋಗಿ ಸ್ಪೀಕರಿನಲ್ಲಿ, ಎಂಟನೆಯ ತರಗತಿಯ ಮೊಮ್ಮಗಳ ಪಕ್ಕದಲ್ಲಿ ಕುಳಿತು ಕೇಳಬೇಕಾಗುತ್ತಿತ್ತು.

ಅವನು ಹುಣಸೆಮರದ ಕೆಳಗೆ ನಮಗೆ ಬೆನ್ನು ಮಾಡಿ ನಿಂತು ಐದಾರು ನಿಮಿಷ ಮಾತಾಡಿದ. ತಂದೆಯವರು ಅವನ ಬೆನ್ನನ್ನೇ ನೋಡುತ್ತಿದ್ದರು. ಬಂದು ಕುಳಿತಾಗ ಕೇಳಿದರು: “ಏನಂತೆ?”

“ಇನ್ನೊಂದು ಪರೀಕ್ಷೆ ಆಗಬೇಕಂತೆ ತಾತ. ಎರಡು ದಿನ ಅಲ್ಲೇ ಇರಬೇಕು.”

“ಹಂಗಾದ್ರೆ ಬಟ್ಟೆ ಸಾಲದು” ಎಂದರು ತಂದೆಯವರು. ಅಷ್ಟೇ. ಉಳಿದುದನ್ನು ಅಳಿಯ ನನಗೆ ಸತ್ಯಮಂಗಲದಲ್ಲಿ ಕಾಫಿಗೆ ಇಳಿದಾಗ ಹೇಳಿದ.

ಎರಡು ದಿನ ನಾಲ್ಕಾಯಿತು. ಹಿಂತಿರುಗುವ ದಿನ ಮಧ್ಯಾಹ್ನವೇ ಹೊರಟೆವು. ವಾಹನಕ್ಕೆ ಸಿಕ್ಕು ಸಾಯುವ ಕಾಡುಪ್ರಾಣಿಗಳ ಕಾರಣದಿಂದ ಮದ್ರಾಸ್ ಹೈಕೋರ್ಟಿನ ಆದೇಶದಂತೆ 2022ರಿಂದ ಈ ಘಾಟಿಯಲ್ಲಿ ರಾತ್ರಿಸಂಚಾರಕ್ಕೆ ನಿರ್ಬಂಧವಿದೆ. ಈ ಸಲ ತಂದೆಯವರು ಮುಂದಿನ ಆಸನದಲ್ಲಿದ್ದರು. ಅಳಿಯ ಸನ್ನೆಕೋಲನ್ನು ಎಳೆದು ಆಸನವನ್ನು ಹಿಂದಕ್ಕೆ ಸರಿಸಿ, ಬೆನ್ನನ್ನು ಸ್ವಲ್ಪವೇ ಒರಗಿಸಿ ಕೊಟ್ಟ. ಪೂರ್ತಿ ಮಲಗಿಸಿದರೆ ಸೀಟುಬೆಲ್ಟು ಎದೆಯ ಮೇಲೆ ನಿಲ್ಲುವುದಿಲ್ಲ. ಬಣ್ಣಾರಿಯಲ್ಲಿ ಎಲ್ಲರ ಫೋನುಗಳನ್ನೂ ಮೌನಕ್ಕೆ ಹಾಕಿಸಿದ. ದಿಂಬಂ ಹತ್ತಿದ ಮೇಲೆ ತಂದೆಯವರು ತಾವೇ ಕೈಚಾಚಿ ರೇಡಿಯೋದ ಗುಂಡಿಯನ್ನು ತಿರುಗಿಸುತ್ತ ಮೈಸೂರನ್ನು ಹುಡುಕತೊಡಗಿದರು.