30ನೇ ಮನೆಯ ಕಾಯಿ

ಆಟದ ಸಮಸ್ಯೆ ಬಿಡಿಸುವುದು ಒಂದು ಬಗೆಯ ಖುಷಿ, ರಚಿಸುವುದು ಇನ್ನೊಂದು ಬಗೆಯದು. ಬಿಡಿಸುವವರಿಗೆ ಒಂದು ದಾರಿ ಸಿಕ್ಕರೆ ಸಾಕು. ರಚಿಸುವವರು ಎದುರಾಳಿಯ ಎಲ್ಲ ದಾರಿಗಳನ್ನೂ ಮುಚ್ಚಬೇಕು. ಹಾಗಾಗಿಯೇ ಚಿತ್ರದಲ್ಲಿ ಒಂದೇ ಒಂದು ಕಾಯಿ ಬಿಟ್ಟುಹೋದರೂ ಇಡೀ ಸಮಸ್ಯೆ ಕುಸಿದುಬೀಳುತ್ತದೆ.

ನಮ್ಮ ವಿಜಯಪುರ ದೇವನಹಳ್ಳಿ ತಾಲ್ಲೂಕಿನದು, ರೇಷ್ಮೆ ಗೂಡಿನ ಮಾರುಕಟ್ಟೆಯ ಊರು. 2014ರಲ್ಲಿ ಬಿಜಾಪುರಕ್ಕೂ ಇದೇ ಹೆಸರು ಬಂದ ಮೇಲೆ ಹೀಗೆ ಬಿಡಿಸಿ ಹೇಳಬೇಕಾಗಿದೆ. ಇಲ್ಲಿ ಒಂದು ಬೇಸಿಗೆ ರಜೆಯಲ್ಲಿ ಮಕ್ಕಳಿಗಾಗಿ ಚೆಕರ್ಸ್ ಸಮಸ್ಯೆ ರಚಿಸುವ ಸ್ಪರ್ಧೆ ನಡೆಯಿತು. ಪಕ್ಕದ ಮನೆಯ ಏಳನೇ ತರಗತಿಯ ಹುಡುಗಿಯೂ ಒಂದನ್ನು ಬರೆದು ಕೊಟ್ಟಳು.

ಚೆಕರ್ಸ್ ಆಡುವುದು ಚದುರಂಗದ ಹಲಗೆಯ 32 ಕಪ್ಪು ಮನೆಗಳಲ್ಲಿ ಮಾತ್ರ. ಮೇಲಿನ ಸಾಲಿನಿಂದ ಕೆಳಕ್ಕೆ, ಎಡದಿಂದ ಬಲಕ್ಕೆ ಅವಕ್ಕೆ 1ರಿಂದ 32ರವರೆಗೆ ಅಂಕಿ. ಹೊಡೆಯುವ ಅವಕಾಶವಿದ್ದರೆ ಹೊಡೆಯಲೇಬೇಕು. ಇದೇ ಆಟದ ಜೀವಾಳ. ಅವಳ ಸಮಸ್ಯೆಯಲ್ಲಿ ಬಿಳಿ ಕಾಯಿಗಳು 23, 26, 30, 31ರಲ್ಲಿ. ಕರಿ ಕಾಯಿಗಳು 14, 15ರಲ್ಲಿ. ಮೇಲಕ್ಕೆ ನಡೆಯುವ ಬಿಳಿಯದೇ ಮೊದಲ ಸರದಿ. 23ರ ಕಾಯಿಯನ್ನು 18ಕ್ಕೆ ನಡೆಸಿ ಬಲಿ ಕೊಡಬೇಕು. 14ರ ಕರಿ ಹೊಡೆದರೆ 23ಕ್ಕೆ ಬರುತ್ತದೆ, 15ರದು ಹೊಡೆದರೆ 22ಕ್ಕೆ. ಯಾವುದೇ ಹೊಡೆಯಲಿ, 26ರ ಬಿಳಿ ಕಾಯಿ ಒಂದೇ ಸರದಿಯಲ್ಲಿ ಎರಡನ್ನೂ ತೆಗೆದು 10ನೇ ಮನೆಯಲ್ಲಿ ನಿಲ್ಲುತ್ತದೆ. ಹಲಗೆ ಇದ್ದರೆ ಇಟ್ಟು ನೋಡಿ.

ಅಚ್ಚಾಗಿ ಬಂದ ಹಾಳೆಯಲ್ಲಿ 30ನೇ ಮನೆ ಖಾಲಿ! ಕೊನೆಯ ಸಾಲಿನಲ್ಲಿ ಸುಮ್ಮನೆ ಕೂತಂತೆ ಕಾಣುವ ಕಾಯಿ ಅದು. ಆದರೆ ಅದಿಲ್ಲದಿದ್ದರೆ 23ಕ್ಕೆ ಬಂದ ಕರಿ ಕಾಯಿ ಅಲ್ಲಿಗೇ ನಿಲ್ಲದೆ 26ರದನ್ನೂ ಹೊಡೆದು 30ಕ್ಕೆ ಹಾರಿ ರಾಜನಾಗುತ್ತದೆ. ತೀರ್ಪುಗಾರರು ಹಾಳೆಯನ್ನಷ್ಟೇ ನೋಡಿ "ಸಮಸ್ಯೆ ಸರಿಯಿಲ್ಲ" ಎಂದು ಷರಾ ಬರೆದರು.

"ಅಚ್ಚಾಗಿರೋದು ತಪ್ಪಿರುತ್ತಾ? ನೀನೇ ಬಿಟ್ಟಿರ್ತೀಯ" ಎಂದರು ಅವಳಪ್ಪ. ಹುಡುಗಿ ಎರಡು ದಿನ ಹಲಗೆ ಮುಟ್ಟಲಿಲ್ಲ. ಮೂರನೇ ದಿನ ನೋಟ್‌ಬುಕ್ ಹಿಡಿದು ಬಂದಳು. "ತಾತ, ನಾನು ಬಿಟ್ಟಿಲ್ಲ, ನೋಡಿ."

"ಜಗಳ ಬೇಡ ಪುಟ್ಟಿ. ಹಲಗೆ ತಗೊಂಡು ಹೋಗು. ಆ ಕಾಯಿ ಇಲ್ಲದೆ ಒಂದು ಸಲ, ಇಟ್ಟು ಒಂದು ಸಲ ಆಡಿ ತೋರಿಸು" ಎಂದೆ. ಅಪ್ಪನೇ ಕರೆದುಕೊಂಡು ಹೋದರು. ಸಂಘಟಕರು ಅವಳ ಕೈಬರಹದ ಹಾಳೆ ಹುಡುಕಿ ತೆಗೆದರು, ಕಾಯಿ ಅಲ್ಲಿತ್ತು. ತಿದ್ದಿದ ಚಿತ್ರವನ್ನು ಎಲ್ಲ ಸ್ಪರ್ಧಿಗಳಿಗೂ ಹಂಚಿ, ಮತ್ತೆ ತೀರ್ಪು ಕೊಟ್ಟರು. ಬಹುಮಾನವೇನೂ ಬರಲಿಲ್ಲ. ಆ ಷರಾ ಹೋಯಿತು. ಅವಳಿಗೆ ಬೇಕಿದ್ದುದೂ ಅಷ್ಟೇ.

ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಹಲಗೆಯಾಟಗಳ ಪ್ರಿಯರು. ಚದುರಂಗದ ಕುದುರೆ 64 ಮನೆಗಳನ್ನೂ ಒಂದೊಂದೇ ಸಲ ಮುಟ್ಟುವ ನಡೆಗಳನ್ನು ರಚಿಸಿದವರು. ಅಂಥ ನಡೆಯ ಅಂಕಿಗಳು ಪ್ರತಿ ಅಡ್ಡಸಾಲಿಗೂ ಕಂಬಸಾಲಿಗೂ 260 ಆಗುವಂತೆ ಹೊಂದಿದ್ದರೆ, ಒಂದು ಅಂಕಿ ತಪ್ಪಾಗಿ ಅಚ್ಚಾದರೂ ಸಿಕ್ಕಿಬೀಳುತ್ತದೆ: ಮೊತ್ತ ತಪ್ಪಿದ ಎರಡು ಸಾಲುಗಳು ಕೂಡುವ ಮನೆಯಲ್ಲೇ ಅದು ಇರುತ್ತದೆ. ಚೆಕರ್ಸ್ ಚಿತ್ರಕ್ಕೆ ಆ ಭಾಗ್ಯವಿಲ್ಲ. ಚದುರಂಗದ ಸಮಸ್ಯೆ ಅಚ್ಚುಮಾಡುವವರಲ್ಲಿ ಒಂದು ಒಳ್ಳೆಯ ರೂಢಿಯಿದೆ. ಚಿತ್ರದ ಕೆಳಗೆ ಎರಡೂ ಕಡೆಯ ಕಾಯಿಗಳ ಲೆಕ್ಕ ಕೊಡುತ್ತಾರೆ. ನಮ್ಮ ಹುಡುಗಿಯ ಚಿತ್ರದ ಕೆಳಗೆ "4+2" ಎಂದಿದ್ದರೆ ಕೊರತೆ ಅಲ್ಲೇ ಗೊತ್ತಾಗುತ್ತಿತ್ತು.

ಮಕ್ಕಳು "ಪುಸ್ತಕದಲ್ಲಿ ತಪ್ಪಿದೆ" ಎಂದಾಗ ಹಿರಿಯರು ಗದರಿಸುವುದೂ ಬೇಡ, ಕೂಡಲೇ ಒಪ್ಪುವುದೂ ಬೇಡ. "ಎಲ್ಲಿ, ತೋರಿಸು" ಎಂದರೆ ಸಾಕು. ತಪ್ಪಿದ್ದರೆ ತಿದ್ದಬಹುದು. ಇಲ್ಲದಿದ್ದರೆ, ತೋರಿಸುವಷ್ಟರಲ್ಲಿ ಮಗುವೇ ಪಾಠ ಕಲಿತಿರುತ್ತದೆ.