ಶಿವನಸಮುದ್ರದ ಬೆಳಕಿನ ಮನೆ

ಮಂಡ್ಯದಿಂದ ಮದ್ದೂರಿಗೆ ಬಂದು, ಅಲ್ಲಿಂದ ಮಳವಳ್ಳಿಯ ದಾರಿ ಹಿಡಿದು ನಾವು ಶಿವನಸಮುದ್ರವನ್ನು ತಲುಪಿದಾಗ ಬಿಸಿಲು ಏರತೊಡಗಿತ್ತು. ಜೊತೆಗೆ ಬಂದ ಯಾತ್ರಿಕರೆಲ್ಲ ಗಗನಚುಕ್ಕಿಯ ಕಡೆಗೆ ನಡೆದರು. ನಾವು ಬ್ಲಫ್ ಎಂಬ ವಸತಿಯ ಅಂಚಿನಲ್ಲಿ ನಿಂತು ಕೆಳಗೆ ನೋಡಿದೆವು. ಬೆಟ್ಟದ ಮೈಮೇಲೆ ದಪ್ಪನೆಯ ಉಕ್ಕಿನ ಕೊಳವೆಗಳು ಸಾಲಾಗಿ ಇಳಿದಿವೆ. ಪಕ್ಕದಲ್ಲಿ ಟ್ರಾಲಿಯ ಹಳಿ. ಸುಮಾರು 400 ಅಡಿ ಕೆಳಗೆ, ಕಾವೇರಿಯ ದಡದಲ್ಲಿ, ಹಳೆಯ ವಿದ್ಯುದಾಗಾರ.

ಇದನ್ನು ದೇಶದ ಮೊದಲ ಜಲವಿದ್ಯುತ್ ಕೇಂದ್ರವೆನ್ನುವ ರೂಢಿಯಿದೆ. ಅದು ಸರಿಯಲ್ಲ, ದಾರ್ಜಿಲಿಂಗಿನಲ್ಲಿ 1897ರಲ್ಲಿಯೇ ಚಿಕ್ಕದೊಂದು ಕೇಂದ್ರವಿತ್ತು. ಇದರ ಹಿರಿಮೆ ಬೇರೆ. 1902ರ ಜೂನ್ 30ರಂದು ಇಲ್ಲಿಂದ ಹೊರಟ ವಿದ್ಯುತ್ತು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಅಷ್ಟು ದೂರ ತಂತಿ ಎಳೆಯುವುದು ಅಂದು ಜಗತ್ತಿಗೇ ಸಾಹಸವಾಗಿತ್ತು. ಯೋಜನೆಯನ್ನು ರೂಪಿಸಿದವರು ಕೆನಡಾ ಮೂಲದ ಇಂಜಿನಿಯರ್ ಜೋಲಿ ದ ಲೋಟ್ಬಿನಿಯೇರ್. ಅದಕ್ಕೆ ಬೆನ್ನಾಗಿ ನಿಂತವರು ದಿವಾನ್ ಶೇಷಾದ್ರಿ ಅಯ್ಯರ್. ದಿವಾನರು 1901ರಲ್ಲಿಯೇ ತೀರಿಕೊಂಡರು. ತಾವು ಹಚ್ಚಿಸಿದ ದೀಪವನ್ನು ಅವರು ಕಾಣಲಿಲ್ಲ. ಬೆಂಗಳೂರಿಗೆ ಆ ಬೆಳಕು ಬಂದದ್ದು 1905ರಲ್ಲಿ.

ಬೇಸಿಗೆಯಲ್ಲಿ ನದಿ ಸೊರಗಿದರೆ ಯಂತ್ರಗಳೂ ಸೊರಗುತ್ತಿದ್ದವು. ವರ್ಷವಿಡೀ ನೀರು ದೊರೆಯಲೆಂಬ ಚಿಂತೆಯೂ 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ತೊಡಗಲು ಒಂದು ಕಾರಣವಾಯಿತು. ಆ ಕಟ್ಟೆಯಿಂದ ಹೊರಟ ವಿಶ್ವೇಶ್ವರಯ್ಯ ನಾಲೆ ಮಂಡ್ಯ, ಮದ್ದೂರು, ಮಳವಳ್ಳಿಯ ಬಯಲನ್ನು ತಣಿಸಿತು. ಕಬ್ಬು ಬೆಳೆಯಿತು, 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಈ ಸೀಮೆಯ ರೈತನ ಮನೆಯ ಬೆಲ್ಲದ ಸಿಹಿಗೂ ಕಣಿವೆಯ ಈ ಕಟ್ಟಡಕ್ಕೂ ಹೀಗೊಂದು ನಂಟಿದೆ.

ಯಾವ ಗಣಿಗಾಗಿ ಇದನ್ನು ಕಟ್ಟಿದರೋ ಆ ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿದವು. ಚಿನ್ನ ಮುಗಿಯಿತು, ನೀರಿನ ದುಡಿಮೆ ಮುಗಿಯಲಿಲ್ಲ. ಯಂತ್ರಗಳು ಬದಲಾದವು, ಸಾಮರ್ಥ್ಯ ಹೆಚ್ಚಿತು; ಕೇಂದ್ರ ತನ್ನ ಜಾಗದಲ್ಲಿಯೇ ಉಳಿಯಿತು.

ದೇವಾಲಯದ ಶಿಲೆ ಸರಿದರೆ ನಾವು ಮರುಗುತ್ತೇವೆ. ದುಡಿದ ಕೈಗಳು ಕಟ್ಟಿದ ಗೋಡೆ ಬಿದ್ದರೆ, ಹಳೆಯ ಯಂತ್ರವೊಂದು ಗುಜರಿಗೆ ಹೋದರೆ ತಿರುಗಿಯೂ ನೋಡುವುದಿಲ್ಲ. ಇದು ತರವಲ್ಲ. ಒಳಗೆ ಹೋಗಲು ಅಪ್ಪಣೆ ಬೇಕು, ನಿಜ. ಮೇಲಿನಿಂದ ನೋಡಲು ಕಣ್ಣು ಸಾಕು. ಜಲಪಾತಕ್ಕೆ ಮಕ್ಕಳನ್ನು ಕರೆತರುವ ತಂದೆತಾಯಿಗಳು ಅವರನ್ನು ಈ ಅಂಚಿಗೂ ಕರೆತರಲಿ. ಸಂಜೆ ಮನೆಯಲ್ಲಿ ದೀಪದ ಗುಂಡಿ ಒತ್ತುವಾಗ ಆ ಮಕ್ಕಳಿಗೆ ಈ ಕಣಿವೆ ನೆನಪಾಗಲಿ.