ಗಂಜಾಂನ ದೊಡ್ಡ ಸ್ವಾಮಿಯವರು

ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಶಾಲೆಗಳ ಪ್ರವಾಸದ ಪಟ್ಟಿಯಲ್ಲಿ ಶ್ರೀರಂಗಪಟ್ಟಣಕ್ಕೆ ಸದಾ ಜಾಗವಿದೆ. ರಂಗನಾಥನ ಗುಡಿ, ಟಿಪ್ಪು ಬಿದ್ದ ಸ್ಥಳ, ದರಿಯಾ ದೌಲತ್, ಗುಂಬಜ್, ಸಂಗಮ, ಹೊತ್ತಿದ್ದರೆ ನಿಮಿಷಾಂಬ. ಅಷ್ಟರಲ್ಲಿ ಮಕ್ಕಳು ದಣಿದಿರುತ್ತಾರೆ, ಮೇಷ್ಟರು ತಲೆ ಎಣಿಸಲು ಶುರುಮಾಡಿರುತ್ತಾರೆ. ಗಂಜಾಂನ ಹಳೆಯ ಚರ್ಚಿನ ಬಳಿ ಬಸ್ಸು ನಿಲ್ಲುವುದು ಅಪರೂಪ. ಮೈಸೂರಿನ ಸೇಂಟ್ ಫಿಲೋಮಿನಾದ ಅವಳಿ ಗೋಪುರಗಳನ್ನು ಕಂಡವರಿಗೆ ಇದು ಕಣ್ಣಿಗೆ ಬೀಳದಷ್ಟು ಚಿಕ್ಕದು. ಆದರೆ 1800ರ ಸುಮಾರಿನ ಈ ಚರ್ಚಿನೊಂದಿಗೆ ಹೆಸರು ಬೆಸೆದುಕೊಂಡ ಪಾದ್ರಿಯ ಕಥೆ ಚಿಕ್ಕದಲ್ಲ.

ಆತ ಅಬ್ಬೆ ದುಬ್ವಾ. ಅಬ್ಬೆ ಎಂದರೆ ಫ್ರೆಂಚರಲ್ಲಿ ಪಾದ್ರಿಗಳಿಗೆ ಇರುವ ಗೌರವದ ಸಂಬೋಧನೆ. ಹಳಗನ್ನಡದಲ್ಲಿ ಅದೇ ಮಾತಿಗೆ ತಾಯಿ ಎಂಬ ಅರ್ಥವಿರುವುದು ಬರಿಯ ಕಾಕತಾಳೀಯ. ಪೂರ್ಣ ಹೆಸರು ಜಾನ್ ಆಂತ್ವಾನ್ ದುಬ್ವಾ. ಫ್ರಾನ್ಸಿನಲ್ಲಿ ಕ್ರಾಂತಿಯ ಬೆಂಕಿ ಹತ್ತಿ ಉರಿಯುತ್ತಿದ್ದ 1792ರಲ್ಲಿ ಅವರು ಹಡಗು ಹತ್ತಿ ಭಾರತಕ್ಕೆ ಬಂದರು. ಇಲ್ಲಿನವರಂತೆ ಉಡುಪು ತೊಟ್ಟು, ಇಲ್ಲಿನ ರೀತಿನೀತಿಗಳಿಗೆ ಒಗ್ಗಿಕೊಂಡು ಬಾಳಿದರು. ಜನ ಅವರನ್ನು ಕರೆದದ್ದು ದೊಡ್ಡ ಸ್ವಾಮಿಯವರು ಎಂದು.

1799ರ ಮೇ 4ರಂದು ಕೋಟೆ ಬಿತ್ತು. ಮರುವರ್ಷ ಬಂದ ಫ್ರಾನ್ಸಿಸ್ ಬುಕಾನನ್ ಲೆಕ್ಕ ಹಾಕಿದಾಗ ದ್ವೀಪದಲ್ಲಿ ಉಳಿದಿದ್ದವರು ಸುಮಾರು 32 ಸಾವಿರ ಮಂದಿ. ಟಿಪ್ಪುವಿನ ಕಾಲದಲ್ಲಿ ಒಂದೂವರೆ ಲಕ್ಷವಿತ್ತೆಂದು ಅವನ ಅಂದಾಜು. ಶಿರಾದಿಂದ ಸಾವಿರಾರು ಕುಟುಂಬಗಳನ್ನು ತಂದು ತುಂಬಿಸಿದ್ದ ಗಂಜಾಂ ಪೇಟೆ ಬಣಗುಡುತ್ತಿತ್ತು. 1784ರಲ್ಲಿ ಕೆನರಾದಿಂದ ಸೆರೆಯಾಗಿ ಬಂದು ಮತಾಂತರಗೊಂಡಿದ್ದ ಕ್ರೈಸ್ತರು ದಿಕ್ಕುಗೆಟ್ಟಿದ್ದರು. ಅವರನ್ನು ಒಟ್ಟುಗೂಡಿಸಲು ದುಬ್ವಾರನ್ನು ಕರೆಸಿಕೊಳ್ಳಲಾಯಿತು. ಪಟ್ಟಣದ ಮೇಲಧಿಕಾರಿಯಾಗಿದ್ದ ಕರ್ನಲ್ ವೆಲ್ಲೆಸ್ಲಿಯ ಶಿಫಾರಸೂ ಇದಕ್ಕಿತ್ತು. ಇಂಗ್ಲಿಷರು ಪ್ರಾಟೆಸ್ಟೆಂಟರು, ದುಬ್ವಾ ಕ್ಯಾಥೊಲಿಕ್. ಅದರ ಮೇಲೆ ಫ್ರೆಂಚ್, ಅಂದರೆ ಶತ್ರು ದೇಶದವರು. ಆದರೂ ಕಂಪನಿಯವರು ಅವರನ್ನು ನಂಬಿದರು. ಅವರು ಚರ್ಚು ಕಟ್ಟಿದರು, ಹಾಸನದ ಬಳಿ ಸಾತಳ್ಳಿಯಲ್ಲಿ ಬೇಸಾಯಗಾರರ ನೆಲೆಯೊಂದನ್ನು ನಿಲ್ಲಿಸಿದರು.

ಆಗ ಸಿಡುಬು ಹಬ್ಬಿತೆಂದರೆ ಊರೇ ಬಾಗಿಲು ಹಾಕಿಕೊಳ್ಳುತ್ತಿತ್ತು. ಅಮ್ಮ ಬಂದಿದ್ದಾಳೆಂದು ಬೇವಿನ ಸೊಪ್ಪು ಕಟ್ಟಿ, ಮಾರಮ್ಮನಿಗೆ ಹರಕೆ ಹೊತ್ತು, ಬದುಕಿದರೆ ಬದುಕಿತು ಎಂದು ಕಾಯುವುದೊಂದೇ ದಾರಿ. ಇಂಗ್ಲೆಂಡಿನ ಎಡ್ವರ್ಡ್ ಜೆನ್ನರ್ 1796ರಲ್ಲಿ ಹಸುವಿನ ಸಿಡುಬಿನ ಕೀವಿನಿಂದ ಮನುಷ್ಯರನ್ನು ರಕ್ಷಿಸಬಹುದೆಂದು ತೋರಿಸಿದ್ದ. ಆ ಲಸಿಕೆ 1802ರ ಜೂನ್‌ನಲ್ಲಿ ಮುಂಬಯಿ ತಲುಪಿತು. ಶೀತಕ ಪೆಟ್ಟಿಗೆಯಿಲ್ಲದ ಆ ಕಾಲದಲ್ಲಿ ಲಸಿಕೆಯನ್ನು ಸಾಗಿಸುತ್ತಿದ್ದುದು ಮನುಷ್ಯರ ತೋಳಿನಲ್ಲೇ! ಒಬ್ಬರಿಗೆ ಹಾಕಿದ ಜಾಗದಲ್ಲಿ ಗುಳ್ಳೆಯೆದ್ದ ಮೇಲೆ ಅದರ ರಸ ತೆಗೆದು ಇನ್ನೊಬ್ಬರ ತೋಳಿಗೆ ಗೀರುವುದು, ಅವರಿಂದ ಮತ್ತೊಬ್ಬರಿಗೆ. ಸರಪಳಿ ಎಲ್ಲಿಯೂ ಕಡಿಯಬಾರದು. ಮೈಲಿಗೆ, ಮಡಿ ಪಾಲಿಸುವ ಊರಿನಲ್ಲಿ ಯಾವುದೋ ಜಾತಿಯ, ಯಾವುದೋ ಕೇರಿಯ ಮಗುವಿನ ತೋಳಿನ ರಸವನ್ನು ತನ್ನ ಮಗುವಿಗೆ ಹಾಕಿಸಲು ಯಾವ ತಾಯಿ ತಾನೇ ಸುಲಭವಾಗಿ ಒಪ್ಪಿಯಾಳು? ದೇವಿಯ ಸಿಟ್ಟಿನ ಭಯ ಬೇರೆ.

ದುಬ್ವಾ ಈ ಕೆಲಸಕ್ಕೆ ಟೊಂಕ ಕಟ್ಟಿ ನಿಂತರು. 1803–04ರಲ್ಲಿ ಮೈಸೂರು ಸೀಮೆಯಲ್ಲಿ ಅವರ ಪ್ರಯತ್ನದಿಂದ ಲಸಿಕೆ ಹಾಕಿಸಿಕೊಂಡವರು 25,432 ಜನ ಎಂದು ದಾಖಲೆಯಿದೆ. ಅರಮನೆಯೂ ಹಿಂದೆ ಬೀಳಲಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿಯವರೂ ಲಸಿಕೆ ಹಾಕಿಸಿಕೊಂಡರು. ಥಾಮಸ್ ಹಿಕಿ ಬರೆದ ರಾಣಿಯರ ಚಿತ್ರವೊಂದರಲ್ಲಿ ಸೆರಗು ಸರಿಸಿ ತೋಳು ತೋರುತ್ತಿರುವವರು ಅವರೇ ಎಂದು ಇತಿಹಾಸಕಾರರೊಬ್ಬರ ವಾದ. ಮಕ್ಕಳು ಮನೆಯಲ್ಲಿ ಅಜ್ಜ ಅಜ್ಜಿಯರ ತೋಳನ್ನೊಮ್ಮೆ ನೋಡಲಿ. ಮೈಲಿ ಹಾಕಿದ ದುಂಡನೆಯ ಗುರುತು ಅಲ್ಲಿರುತ್ತದೆ. ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣ ಕಂಡದ್ದು 1975ರಲ್ಲಿ.

ದೊಡ್ಡ ಸ್ವಾಮಿಯವರ ಇನ್ನೊಂದು ಕೆಲಸ ಹಿಂದೂಗಳ ಆಚಾರ ವಿಚಾರಗಳ ಕುರಿತ ದೊಡ್ಡ ಗ್ರಂಥ. ಅದರ ಹಸ್ತಪ್ರತಿಯನ್ನು ಮೈಸೂರಿನ ರೆಸಿಡೆಂಟ್ ಮಾರ್ಕ್ ವಿಲ್ಕ್ಸ್ ಮೆಚ್ಚಿದ. 1807ರಲ್ಲಿ ಕಂಪನಿ ಅದನ್ನು 2,000 ವರಹಕ್ಕೆ ಕೊಂಡಿತು, 1816ರಲ್ಲಿ ಲಂಡನ್ನಿನಲ್ಲಿ ಇಂಗ್ಲಿಷಿಗೆ ಬಂತು. ಒಂದು ನೂರು ವರ್ಷ ಇಂಗ್ಲಿಷ್ ಅಧಿಕಾರಿಗಳು ನಮ್ಮ ಜನರನ್ನು ಈ ಪುಸ್ತಕದ ಕನ್ನಡಕದಿಂದಲೇ ನೋಡಿದರೆನ್ನಬಹುದು. ಅದರ ತೀರ್ಪುಗಳಲ್ಲಿ ಎಷ್ಟೋ ಕಡೆ ಪೂರ್ವಗ್ರಹ ಢಾಳಾಗಿ ಕಾಣುತ್ತದೆ. ಅಷ್ಟೇ ಅಲ್ಲ, ಅದರ ಬಹುಭಾಗ ಕೂರ್ದೂ ಎಂಬ ಹಿಂದಿನ ಜೆಸ್ವಿಟ್ ಪಾದ್ರಿಯ ಬರಹದಿಂದ ಎತ್ತಿದ್ದೆಂದು 1987ರಲ್ಲಿ ಫ್ರೆಂಚ್ ವಿದುಷಿ ಸಿಲ್ವಿಯಾ ಮುರ್ ತೋರಿಸಿದರು. ಕೀರ್ತಿ ತಂದ ಪುಸ್ತಕವೇ ಹೀಗೆ ಸಾಲದ್ದಾಯಿತು.

1823ರ ಜನವರಿಯಲ್ಲಿ ದುಬ್ವಾ ಭಾರತ ಬಿಟ್ಟರು. ಅದೇ ವರ್ಷ ಲಂಡನ್ನಿನಲ್ಲಿ ಹೊರಬಂದ ಅವರ ಪತ್ರಗಳ ಸಂಗ್ರಹ ಪಾದ್ರಿಗಳ ವಲಯವನ್ನೇ ಕಲಕಿತು. ಹಿಂದೂಗಳನ್ನು ಮತಾಂತರಿಸುವುದು ಆಗದ ಮಾತು. ಇಷ್ಟು ವರ್ಷ ದುಡಿದು ತಾನು ಗಳಿಸಿದ್ದು ಇನ್ನೂರು ಮುನ್ನೂರು ಮಂದಿ, ಅವರಲ್ಲೂ ಅನೇಕರು ಹೊಟ್ಟೆಪಾಡಿಗೆ ಬಂದವರು ಎಂದು ಅವರು ಮುಚ್ಚುಮರೆಯಿಲ್ಲದೆ ಬರೆದಿದ್ದರು. ಇಂಗ್ಲೆಂಡಿನ ಪ್ರಾಟೆಸ್ಟೆಂಟ್ ಪಾದ್ರಿಗಳು ಕೆರಳಿ ಉತ್ತರಗಳನ್ನು ಅಚ್ಚು ಹಾಕಿಸಿದರು. ಬಂದ ಕೆಲಸದಲ್ಲಿ ಸೋತೆನೆಂದ ಪಾದ್ರಿಗೆ ತಾನು ಒಂದೆರಡು ವರ್ಷ ಮಾಡಿದ ಲಸಿಕೆಯ ಕೆಲಸ ಎಷ್ಟು ಮನೆಗಳ ದೀಪ ಉಳಿಸಿತೆಂಬ ಅಂದಾಜಿತ್ತೋ ಇಲ್ಲವೋ! ಪ್ಯಾರಿಸ್ಸಿನಲ್ಲಿ ಪಂಚತಂತ್ರವನ್ನು ಫ್ರೆಂಚಿಗೆ ತಂದು, ತಮ್ಮ ಮಿಶನ್ ಸಂಸ್ಥೆಯ ಮುಖ್ಯಸ್ಥರೂ ಆಗಿ, 1848ರಲ್ಲಿ ತೀರಿಕೊಂಡರು.

ಚರ್ಚು ನೋಡಿದ ಮೇಲೆ ಹೊತ್ತಿದ್ದರೆ ನದಿ ದಂಡೆಯ ಗ್ಯಾರಿಸನ್ ಸ್ಮಶಾನಕ್ಕೂ ಹೋಗಬಹುದು. 1799ರ ಯುದ್ಧದಲ್ಲಿ ಇಂಗ್ಲಿಷರ ಪರ ನಿಂತ ಸ್ವಿಟ್ಜರ್ಲೆಂಡಿನ ದ ಮ್ಯೂರಾನ್ ದಳದವರ ಗೋರಿಗಳು ಅಲ್ಲಿವೆ. 2023ರಲ್ಲಿ ಉದ್ಘಾಟನೆಯಾದ ಹೊಸ ಹೆದ್ದಾರಿ ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಮೂರನ್ನೂ ಬಳಸಿಕೊಂಡು ಹೋಗುತ್ತದೆ. ಹಳೆಯ ರಸ್ತೆ ಹಿಡಿದರೆ ಮದ್ದೂರು ವಡೆಯೂ ತಪ್ಪುವುದಿಲ್ಲ. ಮಳವಳ್ಳಿಯವರಿಗೆ ಬನ್ನೂರಿನ ಮೇಲಿನ ದಾರಿಯಿದೆ.